ಕೆಂಚನ ಕೇಸು

ನಾಯಿಯನ್ನು ಕೊಂದವನು ರಮಾಕಾಂತ. ಹೊತ್ತು ಸಾಗಿಸಿದವನು ದೊಡ್ಡಯ್ಯ. ಕೋರ್ಟಿನಲ್ಲಿ ಕೈಕಟ್ಟಿ ನಿಂತವನೂ ದೊಡ್ಡಯ್ಯನೇ. ಇದರಲ್ಲಿ ಗುಟ್ಟೇನೂ ಇಲ್ಲ. ವಿಶಾಖಪಟ್ಟಣದ ಗಾಜುವಾಕದ ಆ ಬೀದಿಯ ಅರ್ಧ ಜನಕ್ಕೆ ಇದು ಗೊತ್ತಿತ್ತು. ಗೊತ್ತಿದ್ದವರು ಬಾಯಿ ಹೊಲಿದುಕೊಂಡರು. ಗೊತ್ತಿಲ್ಲದವರು ದೊಡ್ಡಯ್ಯನ ಮುಖಕ್ಕೆ ಉಗಿದರು.

ದೊಡ್ಡಯ್ಯ ಚಳ್ಳಕೆರೆ ಕಡೆಯ ಮಾದಿಗರ ಹಟ್ಟಿಯವನು. ಅವನಪ್ಪ ಊರಿನ ಸತ್ತ ದನ ಹೊರುತ್ತಿದ್ದ. ಎತ್ತು ಸತ್ತರೆ ಗೌಡರ ಆಳು ಹಟ್ಟಿಯ ತುದಿಯಲ್ಲಿ ನಿಂತು ಕೂಗುತ್ತಿದ್ದ. ಕೂಗಿದ ಮೇಲೆ ಮುಗಿಯಿತು, ಉಣ್ಣುತ್ತಿದ್ದರೂ ಎದ್ದು ಹೋಗಬೇಕು. ನಾಲ್ಕು ಕಾಲು ಸೇರಿಸಿ ಕಟ್ಟಿ, ನಡುವೆ ಗಳ ತೂರಿಸಿ, ಅಪ್ಪ ಮುಂದೆ, ದೊಡ್ಡಯ್ಯ ಹಿಂದೆ. ಆ ಹೊರೆಯ ಕೆಳಗೆ ಅವನ ಹೆಗಲು ಎಳವೆಯಲ್ಲೇ ಜಡ್ಡುಗಟ್ಟಿತ್ತು. ಒಂದು ದಿನ ಗಳವನ್ನು ದಾರಿಯಲ್ಲೇ ಎಸೆದು, ರೈಲು ಹತ್ತಿ, ಯಾರೂ ತನ್ನನ್ನು ಕೂಗಿ ಕರೆಯದ ಊರು ಬೇಕೆಂದು ವಿಶಾಖಪಟ್ಟಣಕ್ಕೆ ಬಂದುಬಿಟ್ಟ. ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿಯಾದ. ಬೂದಿ ಎತ್ತಿದ, ಕಾದ ಕಬ್ಬಿಣದ ಕಿಟ್ಟ ಬಿದ್ದು ಪಾದ ಸುಟ್ಟುಕೊಂಡ. ಸುಟ್ಟ ಕಾಲಿನವನು ಬೇಡವೆಂದು ಗುತ್ತಿಗೆದಾರ ಹೊರಗೆ ಹಾಕಿದ. ಆಮೇಲೆ ಗಾಜುವಾಕದ ಒಂದು ಅಪಾರ್ಟ್‌ಮೆಂಟಿಗೆ ವಾಚ್‌ಮನ್ ಆದ. ಮೆಟ್ಟಿಲ ಕೆಳಗಿನ ಗೂಡಿನಂಥ ಕೋಣೆಯಲ್ಲಿ ಅವನು ಮತ್ತು ಹೆಂಡತಿ ಸೂರ್ಯಕಾಂತಮ್ಮ. ಅವಳು ಶ್ರೀಕಾಕುಳಂ ಕಡೆಯವಳು, ನಾಲ್ಕು ಮನೆಯ ಪಾತ್ರೆ ತಿಕ್ಕುತ್ತಿದ್ದಳು. ಅವನ ಜಾತಿಯನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಕೇಳಿದರೂ ಅವನ ಹಟ್ಟಿ ಆ ಊರಿನವರಿಗೆ ತಿಳಿಯುವುದಾದರೂ ಹೇಗೆ?

ಎರಡು ಸಾವಿರದ ನಾಲ್ಕರಲ್ಲಿ ಎರಡನೇ ಮಹಡಿಗೆ ರಮಾಕಾಂತ ಬಂದ. ಚಿತ್ರದುರ್ಗದವನು, ಬ್ಯಾಂಕ್ ಅಧಿಕಾರಿ, ವರ್ಗವಾಗಿ ಬಂದಿದ್ದ. ಜೊತೆಗೆ ಹೆಂಡತಿ ಗಿರಿಜಾ. ಸಾಮಾನು ಇಳಿಸುವಾಗ ಅವಳು ಗಂಡನಿಗೆ ಏನೋ ಹೇಳಿದ ಕನ್ನಡ ದೊಡ್ಡಯ್ಯನ ಕಿವಿಗೆ ಬಿತ್ತು. ಎಷ್ಟೋ ವರ್ಷದ ಮೇಲೆ ತನ್ನ ಕಡೆಯ ಮಾತು. ಅವನಿಗೆ ಕುಣಿಯುವಂತಾಯಿತು. ಬೀರುವನ್ನು ಒಬ್ಬನೇ ಬೆನ್ನಮೇಲೆ ಹೊತ್ತು ಎರಡು ಮಹಡಿ ಹತ್ತಿಸಿದ.

“ಯಾವೂರಪ್ಪ ನಿಂದು?” ಎಂದ ರಮಾಕಾಂತ.

“ಚಳ್ಳಕೆರೆ ತಾವ ಸಾರ್.”

“ಊರೊಳಗೋ, ಹಟ್ಟಿಯೋ?”

“ಹಟ್ಟಿ ಸಾರ್. ನಮ್ಮಪ್ಪ...” ಎಂದು ಶುರುಮಾಡಿದವನು ಎಲ್ಲವನ್ನೂ ಹೇಳಿಬಿಟ್ಟ. ಹಟ್ಟಿ, ಗಳ, ಗೌಡರ ಆಳು, ಎಲ್ಲ. ಭಾಷೆ ಸಿಕ್ಕಿದ ಖುಷಿಗೆ ಬಾಯಿಗೆ ಬಾಗಿಲೇ ಇಲ್ಲದಂತಾಯಿತು. ಯಾವುದನ್ನು ಬಿಟ್ಟು ಓಡಿಬಂದಿದ್ದನೋ ಅದನ್ನು ತಾನೇ ಕೈಯಾರೆ ಒಪ್ಪಿಸಿದ. ರಮಾಕಾಂತ ‘ಸರಿ ಸರಿ’ ಎಂದು ತಲೆಯಾಡಿಸಿದ. ಮಾರನೆಯ ದಿನದಿಂದ ದೊಡ್ಡಯ್ಯನಿಗೆಂದೇ ಒಂದು ಪ್ಲಾಸ್ಟಿಕ್ ಲೋಟ ಬಾಗಿಲ ಹೊರಗೆ ಬಂತು.

ಗಿರಿಜಾ ಒಂದು ಸಲ ಮನೆಯ ಲೋಟದಲ್ಲೇ ಕಾಫಿ ಕೊಟ್ಟಿದ್ದಳು. ಆವತ್ತು ಅವಳ ಮೈಮೇಲೆ ಎಷ್ಟು ಏಟು ಬಿತ್ತೆಂದು ಕೆಳಗಿನ ಕೋಣೆಗೆ ಚೆನ್ನಾಗಿ ಕೇಳಿಸಿತು. ಕಾಫಿ ಒಂದು ನೆಪ. ಸಾರಿಗೆ ಉಪ್ಪು ಹೆಚ್ಚಾದರೂ ಹೊಡೆತ, ತವರಿಗೆ ಫೋನ್ ಮಾಡಿದರೂ ಹೊಡೆತ. ಮೊದಲು ರೇಡಿಯೋ ಜೋರಾಗುತ್ತಿತ್ತು, ಆಮೇಲೆ ಸದ್ದು. ಇಡೀ ಕಟ್ಟಡ ಕೇಳುತ್ತಿತ್ತು. ಯಾರೋ ಒಮ್ಮೆ ಪೊಲೀಸರನ್ನು ಕರೆಸಿದರು. ಬಂದ ಕಾನ್‌ಸ್ಟೇಬಲ್ ರಮಾಕಾಂತನ ಸೋಫಾದಲ್ಲಿ ಕೂತು ಕಾಫಿ ಕುಡಿದು, ಗಂಡ ಹೆಂಡಿರ ಜಗಳಕ್ಕೆಲ್ಲ ಸ್ಟೇಷನ್ನಾ ಎಂದು ನಗುತ್ತ ಇಳಿದು ಹೋದ.

ಗಿರಿಜಾಗೆ ಆ ಊರಲ್ಲಿ ಇದ್ದ ಒಂದೇ ಒಂದು ಸ್ವಂತದ ಜೀವ ಕೆಂಚ. ಬೀದಿನಾಯಿ. ಅವಳು ಮಜ್ಜಿಗೆ ಕಲಸಿದ ಅನ್ನ ಹಾಕಿ ಹಾಕಿ ಸಾಕಿದ್ದಳು. ಅದು ಅವಳ ಬಾಗಿಲಲ್ಲೇ ಮಲಗುತ್ತಿತ್ತು. ರಮಾಕಾಂತನ ಬೈಕಿನ ಸದ್ದಿಗೆ ಮಾತ್ರ ಎದ್ದು ಮೇಲಿನ ಮಹಡಿಗೆ ಹೋಗಿಬಿಡುತ್ತಿತ್ತು. ನಾಯಿಗೂ ಗೊತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ರೇಡಿಯೋ ಜೋರಾಯಿತು. ಸದ್ದು ಶುರುವಾಯಿತು. ಆವತ್ತು ಸದ್ದಿನ ಜೊತೆಗೆ ನಾಯಿಯ ಗುರುಗುಟ್ಟೂ ಕೇಳಿಸಿತು. ಆಮೇಲೆ ಒಂದು ಊಳು. ಆಮೇಲೆ ಏನೂ ಇಲ್ಲ. ಸ್ವಲ್ಪ ಹೊತ್ತಿಗೆ ರಮಾಕಾಂತ ಮೆಟ್ಟಿಲ ಮೇಲಿಂದ ಕೂಗಿದ.

“ದೊಡ್ಡಯ್ಯಾ! ಬಾರೋ ಇಲ್ಲಿ!”

ಗೌಡರ ಆಳು ಕೂಗುತ್ತಿದ್ದದ್ದೂ ಹೀಗೆಯೇ. ದೊಡ್ಡಯ್ಯ ಹತ್ತಿ ಹೋದ. ಹಜಾರದಲ್ಲಿ ಕೆಂಚ ಬಿದ್ದಿತ್ತು, ತಲೆ ಚಪ್ಪಟೆಯಾಗಿತ್ತು. ರಮಾಕಾಂತನ ಕೈಯಲ್ಲಿ ಕಬ್ಬಿಣದ ಸಲಾಕೆ. ಅವನ ಪ್ಯಾಂಟಿನ ಕಾಲು ಹರಿದಿತ್ತು. ಅಡುಗೆಮನೆಯ ಹೊಸ್ತಿಲಲ್ಲಿ ಗಿರಿಜಾ ಎಡಗೈಯನ್ನು ಬಲಗೈಯಲ್ಲಿ ಹಿಡಿದು ಕೂತಿದ್ದಳು. ಮಣಿಕಟ್ಟು ಇರಬೇಕಾದ ಕಡೆ ಇರಲಿಲ್ಲ. ಅವಳು ಅಳುತ್ತಿರಲಿಲ್ಲ. ದೊಡ್ಡಯ್ಯನನ್ನೇ ನೋಡುತ್ತಿದ್ದಳು.

“ಇದನ್ನ ಎತ್ತಿ ಹಾಕು. ನಿಮ್ಮೋರಿಗೆ ಅಭ್ಯಾಸ ಇದೆಯಲ್ಲ” ಎಂದ ರಮಾಕಾಂತ.

ಇಲ್ಲ ಎನ್ನಬೇಕಿತ್ತು. ಕೈ ತಾನಾಗಿ ಹಗ್ಗ ಹುಡುಕಿತು. ಕಾಲು ಕಟ್ಟಿತು. ನೆಲ ಒರೆಸಿತು, ಸಲಾಕೆ ತೊಳೆಯಿತು. ಬಿಟ್ಟು ಬಂದ ಕೆಲಸ ಅವನ ಕೈಯನ್ನು ಬಿಟ್ಟಿರಲಿಲ್ಲ. ಅದಕ್ಕೆ ಅವನಿಗೆ ತನ್ನ ಕೈಯ ಮೇಲೇ ಅಸಹ್ಯವಾಯಿತು. ಕೆಂಚನನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದ. ರಕ್ತ ಅಂಗಿಯ ಬೆನ್ನಿಗೆಲ್ಲ ಇಳಿಯಿತು.

ಬೀದಿಯ ತಿರುವಿನಲ್ಲಿ ಕಾಲೇಜಿನ ಒಂದು ಗುಂಪು ಅವನನ್ನು ತಡೆಯಿತು. ಪ್ರಾಣಿದಯೆಯ ಸಂಘ ಮಾಡಿಕೊಂಡಿದ್ದ ಹುಡುಗರು, ಹುಡುಗಿಯರು. ಒಬ್ಬಳಂತೂ ಕೆಂಚನನ್ನು ಮುಟ್ಟಿ ಮುಟ್ಟಿ ಅತ್ತಳು. ಆ ಅಳು ಸುಳ್ಳಲ್ಲ. ಆದರೆ ಎರಡನೇ ಮಹಡಿಯ ಕೂಗು ತಿಂಗಳುಗಟ್ಟಲೆ ಅದೇ ತಿರುವಿನವರೆಗೂ ಕೇಳುತ್ತಿತ್ತು, ಆಗ ಯಾರೂ ಅತ್ತಿರಲಿಲ್ಲ. ಫೋಟೋ ಹೊಡೆದರು. ರಕ್ತದ ಅಂಗಿ, ಹೆಗಲ ಮೇಲೆ ನಾಯಿ, ಕಪ್ಪು ಮನುಷ್ಯ. ಮಾರನೆಯ ದಿನ ಅದು ಪೇಪರಿನಲ್ಲಿ ಬಂತು. ಮಧ್ಯಾಹ್ನಕ್ಕೆ ಪೊಲೀಸರು ಬಂದು ದೊಡ್ಡಯ್ಯನನ್ನು ಜೀಪಿಗೆ ಹತ್ತಿಸಿದರು. ಗಿರಿಜಾಳ ಮುರಿದ ಕೈಗೆ ಬಾರದ ಜೀಪು ಅದು.

ಸ್ಟೇಷನ್ನಿನ ಹಿಂದೆ ಹುಣಸೆಮರದ ಕೆಳಗೆ ರಮಾಕಾಂತ ಅವನ ಹೆಗಲ ಮೇಲೆ ಕೈಯಿಟ್ಟ. ಅದುವರೆಗೆ ಅವನನ್ನು ಮುಟ್ಟದವನು.

“ನೋಡು, ನೀನು ನಮ್ಮ ಕಡೆಯವನು. ನಾನೇ ಹೊಡೆದೆ ಅಂತ ಒಪ್ಕೊಂಡುಬಿಡು. ನಾಯಿ ಕೊಂದ್ರೆ ಏನಿದೆ, ಐವತ್ತು ರೂಪಾಯಿ ದಂಡ. ನಾನೇ ಕಟ್ತೀನಿ. ಬ್ರಾಂಚಲ್ಲಿ ನಿನ್ನ ಅಟೆಂಡರ್ ಮಾಡಿಸ್ತೀನಿ, ಪರ್ಮನೆಂಟು.”

“ಮಾಡ್ದೇ ಇರೋದನ್ನ ಎಂಗೆ ಒಪ್ಕಳ್ಳಾನ ಸಾರ್?”

“ನನ್ನ ಹೆಸರು ಬಂದ್ರೆ ನೌಕರಿ ಹೋಗುತ್ತೆ, ಮಾನ ಹೋಗುತ್ತೆ. ನಿಂದೇನೋ ಹೋಗೋದು?”

ದೊಡ್ಡಯ್ಯ ಲೆಕ್ಕ ಹಾಕಿದ. ತನ್ನದು ಏನು ಹೋಗುತ್ತದೆ? ಹೋಗುವುದಕ್ಕೆ ಏನಿದೆ? ಹಾಗೆಂದು ಅವನೂ ನಂಬಿದ. ಅದೇ ಅವನು ಮಾಡಿದ ತಪ್ಪು. ನಾಯಿಯದ್ದಲ್ಲ.

ಕೋರ್ಟಿನಲ್ಲಿ ಸಣ್ಣ ಕೇಸುಗಳನ್ನು ಗುಂಪಾಗಿ ಕೂಗಿದರು. ಕುಡಿದು ಬಿದ್ದವರು, ರಸ್ತೆಯಲ್ಲಿ ಗಾಡಿ ನಿಲ್ಲಿಸಿದವರು, ನಡುವೆ ದೊಡ್ಡಯ್ಯ. ತಪ್ಪು ಒಪ್ಪುತ್ತೀಯಾ ಎಂದು ತೆಲುಗಿನಲ್ಲಿ ಕೇಳಿದರು. ಒಪ್ಪಿದ. “ಬಾಯಿಲ್ಲದ ಪ್ರಾಣಿ ಅದು. ನೀನು ಮನುಷ್ಯನೇನು?” ಎಂದರು ಮ್ಯಾಜಿಸ್ಟ್ರೇಟರು. ತಲೆ ತಗ್ಗಿಸಿದ. ಹಿಂದಿನ ಬೆಂಚಿನಲ್ಲಿ ಕೂತಿದ್ದ ರಮಾಕಾಂತ ಹೌದೆಂಬಂತೆ ತಲೆಯಾಡಿಸಿದ. ಐವತ್ತು ರೂಪಾಯಿ ದಂಡ, ಕೋರ್ಟು ಏಳುವತನಕ ನಿಂತಿರುವ ಶಿಕ್ಷೆ. ದೊಡ್ಡಯ್ಯ ನಿಂತ. ಗೋಡೆಗೆ ಒರಗಿದರೆ ಪೊಲೀಸಿನವನು ಲಾಠಿಯಿಂದ ತಿವಿಯುತ್ತಿದ್ದ. ಸುಟ್ಟ ಪಾದ ಊದಿ ಚಪ್ಪಲಿಯ ಪಟ್ಟಿಯೊಳಗೆ ಸಿಕ್ಕಿಕೊಂಡಿತು. ಮಧ್ಯಾಹ್ನ ಎಲ್ಲರೂ ಉಂಡು ಬಂದರು. ಸಂಜೆ ಬೆಂಚುಗಳು ಖಾಲಿಯಾದ ಮೇಲೆ ಹೋಗು ಎಂದರು.

ಹೋಗುವುದಕ್ಕೆ ಏನಿದೆ ಎಂದುಕೊಂಡಿದ್ದನಲ್ಲ, ಒಂದೊಂದಾಗಿ ಹೋಯಿತು. ಬೀದಿಯಲ್ಲಿ ಅವನು ನಾಯಿ ಕೊಂದವನಾದ. ಟೀ ಅಂಗಡಿಯವನು ಬೇರೆ ಕಡೆ ಹೋಗು ಎಂದ. ಅಪಾರ್ಟ್‌ಮೆಂಟಿನವರು ಕೆಲಸದಿಂದ ತೆಗೆದರು, ತೆಗೆಯಬೇಕೆಂದು ಸಭೆಯಲ್ಲಿ ಮೊದಲು ಕೈಯೆತ್ತಿದವನು ರಮಾಕಾಂತ. ಸೂರ್ಯಕಾಂತಮ್ಮನಿಗೆ ಮನೆಗಳು ತಪ್ಪಿದವು. ಅಟೆಂಡರ್ ಕೆಲಸದ ಮಾತೆತ್ತಿದರೆ, ಶಿಕ್ಷೆ ಆದವನನ್ನು ಬ್ಯಾಂಕು ಹೇಗೆ ಸೇರಿಸಿಕೊಳ್ಳುತ್ತದೋ ಎಂದು ರಮಾಕಾಂತನೇ ಕೇಳಿದ. ದೊಡ್ಡಯ್ಯ ಮಾರುಕಟ್ಟೆಯಲ್ಲಿ ಅಕ್ಕಿ ಮೂಟೆ ಹೊರಲು ಹೋದ.

ರಮಾಕಾಂತನಿಗೆ ವಿಜಯವಾಡಕ್ಕೆ ವರ್ಗವಾಯಿತು. ಹೋಗುವ ಮೊದಲು ಗಿರಿಜಾ ತರಕಾರಿಯ ನೆಪ ಮಾಡಿಕೊಂಡು ಮಾರುಕಟ್ಟೆಗೆ ಬಂದಳು. ಕೈಗೆ ಬ್ಯಾಂಡೇಜು.

“ಯಾಕೆ ಒಪ್ಕೊಂಡ್ರಿ ದೊಡ್ಡಯ್ಯ?”

“ಐವತ್ತು ರೂಪಾಯಿ ದಂಡ ಅಷ್ಟೇ ಅಂದ್ರು ಕಣಮ್ಮ.”

“ಕೆಂಚ ನನ್ನ ಬಿಡಿಸೋಕೆ ಬಂದು ಸತ್ತಿದ್ದು. ಸಲಾಕೆ ಅವರ ಕೈಲಿದ್ದಿದ್ದನ್ನ ನೀವು ಕಣ್ಣಾರೆ ನೋಡಿದ್ರಿ. ನೋಡಿದವರು ನೀವೊಬ್ರೇ. ನಾಳೆ ನಾನು ಹೇಳಿದ್ರೆ ಯಾರು ನಂಬ್ತಾರೆ?”

ಬೆನ್ನ ಮೇಲೆ ಮೂಟೆಯಿತ್ತು. ದೊಡ್ಡಯ್ಯನಿಗೆ ತಲೆಯೆತ್ತಲು ಆಗಲಿಲ್ಲ. ಮೂಟೆ ಇಳಿಸಿ ಬರುವಷ್ಟರಲ್ಲಿ ಅವಳು ಹೋಗಿದ್ದಳು.

ಎರಡು ವರ್ಷದ ಮೇಲೆ ರಮಾಕಾಂತ ಗಾಜುವಾಕಕ್ಕೆ ಬಂದ. ಕೈಯಲ್ಲಿ ಮಿಠಾಯಿ ಡಬ್ಬ. ದೊಡ್ಡಯ್ಯನ ಗುಡಿಸಲಿಗೆ ತಲೆ ಬಗ್ಗಿಸಿ ಒಳಗೇ ಬಂದು ಚಾಪೆಯ ಮೇಲೆ ಕೂತ. ಸೂರ್ಯಕಾಂತಮ್ಮ ಅದನ್ನು ನೋಡಿದಳು. ಇಂಥವನು ಚಾಪೆಯ ಮೇಲೆ ಕೂತನೆಂದರೆ ಏನೋ ಕಾದಿದೆ ಎಂದು ಗಂಡನಿಗೆ ತೆಲುಗಿನಲ್ಲಿ ಪಿಸುಗುಟ್ಟಿದಳು.

ವಿಜಯವಾಡದಲ್ಲಿ ರಮಾಕಾಂತನ ಏಟಿಗೆ ಗಿರಿಜಾಳ ಕಿವಿಯ ತಮಟೆ ಹರಿದಿತ್ತು. ಅವಳು ಮನೆ ಬಿಟ್ಟು ಹೆಂಗಸರ ಹಾಸ್ಟೆಲ್ ಸೇರಿ ಕೇಸು ಹಾಕಿದ್ದಳು. ನಾಯಿಯನ್ನು ನನ್ನ ಕಣ್ಣೆದುರೇ ಬಡಿದು ಕೊಂದ, ಅದೇ ಸಲಾಕೆಯಿಂದ ನನ್ನ ಕೈ ಮುರಿದ ಎಂದು ಬರೆಸಿದ್ದಳು. ನಾಯಿಯ ಮಾತು ಸುಳ್ಳೆಂದಾದರೆ ಉಳಿದದ್ದೂ ಸುಳ್ಳೆಂದಾಗುತ್ತದೆ. ಸುಳ್ಳೆಂದು ಹೇಳಲು ದೊಡ್ಡಯ್ಯ ಬೇಕಾಗಿದ್ದ.

ರಮಾಕಾಂತ ದೊಡ್ಡಯ್ಯನನ್ನೂ ಸೂರ್ಯಕಾಂತಮ್ಮನನ್ನೂ ರತ್ನಾಚಲ್ ರೈಲಿನಲ್ಲಿ ಕೂರಿಸಿಕೊಂಡು ಹೋದ. ವಿಜಯವಾಡದ ಲಾಡ್ಜಿನ ಕಿಟಕಿಯಿಂದ ಇಂದ್ರಕೀಲಾದ್ರಿ ಬೆಟ್ಟ ಕಾಣುತ್ತಿತ್ತು. ರಮಾಕಾಂತನ ವಕೀಲ ದಕ್ಷಿಣಾಮೂರ್ತಿ ಅಲ್ಲಿಗೇ ಬಂದರು. ನೀರಿನ ಬಾಟಲಿ ತಾವೇ ಮುಚ್ಚಳ ತೆಗೆದು ಕೊಟ್ಟು “ದೊಡ್ಡಯ್ಯಗಾರು” ಎಂದರು. ಹುಟ್ಟಿದ ಲಾಗಾಯ್ತು ಅವನನ್ನು ಯಾರೂ ಗಾರು ಎಂದು ಮರ್ಯಾದೆಯಿಂದ ಕರೆದಿರಲಿಲ್ಲ. ದೊಡ್ಡಯ್ಯ ಬಾಟಲಿಯನ್ನು ಕೆಳಗಿಟ್ಟ.

“ಹಳೆಯದನ್ನೇ ಹೇಳಿ, ಸಾಕು. ನಾಯಿಯನ್ನು ನಾನೇ ಹೊಡೆದೆ ಅನ್ನಿ. ಅದರ ಜೊತೆಗೆ ಒಂದೇ ಒಂದು ಮಾತು. ಹೊಡೆಯುವಾಗ ಅಮ್ಮಗಾರು ಅಡ್ಡ ಬಂದರು. ನನ್ನ ಏಟು ತಪ್ಪಿ ಅವರ ಕೈಮೇಲೆ ಬಿತ್ತು. ಅಷ್ಟೇ.”

“ನಾನು ಆಯಮ್ಮನ ಕೈ ಮುರಿದೆ ಅಂತ್ಲಾ?” ದೊಡ್ಡಯ್ಯನ ತೆಲುಗು ತೊದಲಿತು.

“ಬೇಕೆಂದು ಅಲ್ಲವಲ್ಲ. ಕೈತಪ್ಪು. ನಿಮಗೆ ಏನೂ ಆಗುವುದಿಲ್ಲ.”

“ನಿಂಗೇನೂ ಆಗಲ್ಲ ಕಣೋ, ನಾನಿದೀನಿ” ಎಂದ ರಮಾಕಾಂತ ಕನ್ನಡದಲ್ಲಿ. ನಗುತ್ತಿದ್ದ. “ಅವಳು ಮನೆಗೆ ವಾಪಸ್ ಬರ್ಲಿ. ಆಮೇಲೆ ನಾನು ನೋಡ್ಕೋತೀನಿ.”

ಸೂರ್ಯಕಾಂತಮ್ಮನಿಗೆ ಕನ್ನಡ ಅಷ್ಟಾಗಿ ಬಾರದು. ಆದರೂ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ದೊಡ್ಡಯ್ಯ ರಮಾಕಾಂತನ ಕೈಯನ್ನೇ ನೋಡಿದ. ಶುಭ್ರವಾದ ಕೈ, ಉಗುರು ಕತ್ತರಿಸಿದ ಕೈ. ಮೊದಲು ನಾಯಿ. ಈಗ ಹೆಂಗಸಿನ ಮೂಳೆ. ನಾಳೆ ಆಕೆ ಸತ್ತರೆ? ಮೆಟ್ಟಿಲ ಮೇಲೆ ನಿಂತು ಮತ್ತೆ ಕೂಗುತ್ತಾನೆ, ದೊಡ್ಡಯ್ಯಾ ಬಾರೋ ಎಂದು. ಹೆಣವನ್ನೂ ತನ್ನ ಹೆಗಲಿಗೇ ಏರಿಸುತ್ತಾನೆ. ತಾನೇ ಕೊಂದೆ ಎಂದು ತಾನೇ ಒಪ್ಪಿಕೊಳ್ಳಬೇಕು. ಆಗಲೂ ಅವನು ಹಿಂದಿನ ಬೆಂಚಿನಲ್ಲಿ ಕೂತು ತಲೆಯಾಡಿಸುತ್ತಾನೆ.

ದೊಡ್ಡಯ್ಯ ಆಗಲಿ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಅವನ ಮೌನವನ್ನು ಅವರು ಒಪ್ಪಿಗೆ ಎಂದುಕೊಂಡರು. ಇಂಥವರ ಮೌನಕ್ಕೆ ಅವರು ಯಾವತ್ತೂ ಬೇರೆ ಅರ್ಥ ಮಾಡಿದ್ದೇ ಇಲ್ಲ.

ಕೋರ್ಟಿನಲ್ಲಿ ಗಿರಿಜಾ ಮುಂದಿನ ಬೆಂಚಿನಲ್ಲಿದ್ದಳು. ಸೊರಗಿದ್ದಳು. ಎಡಗೈ ಸೊಟ್ಟವಾಗಿ ಕೂಡಿಕೊಂಡಿತ್ತು. ಕಟಕಟೆ ಹತ್ತಿದ ದೊಡ್ಡಯ್ಯನನ್ನು ನೋಡಿ ಮುಖ ತಿರುಗಿಸಿದಳು. ಅದು ಅವನಿಗೆ ಲಾಠಿಯ ತಿವಿತಕ್ಕಿಂತ ನೋವಾಯಿತು.

“ನಾಯಿಯನ್ನು ಕೊಂದವರು ಯಾರು?” ಎಂದರು ದಕ್ಷಿಣಾಮೂರ್ತಿ.

“ನಾನಲ್ಲ” ಎಂದ ದೊಡ್ಡಯ್ಯ.

ವಕೀಲರು ನಕ್ಕರು. ಸಾಕ್ಷಿ ಗಾಬರಿಯಾಗಿದ್ದಾನೆ ಎಂದರು. ಪ್ರಶ್ನೆಯನ್ನು ಮತ್ತೆ ಕೇಳಿದರು.

“ನಾನು ಹೊತ್ತೆ. ಕೊಂದಿಲ್ಲ. ಕೊಂದವನು ಅಲ್ಲಿ ಕೂತವ್ನೆ.” ಬೆರಳು ಚಾಚಿದ. ಚಾಚಿದ ಬೆರಳನ್ನು ಕೆಳಗಿಳಿಸಲಿಲ್ಲ. ಆಮೇಲೆ ತೆಲುಗೋ ಕನ್ನಡವೋ ಅವನಿಗೇ ತಿಳಿಯದ ಹಾಗೆ ಮಾತು ಬಂತು. ರೇಡಿಯೋ ಹೇಳಿದ. ಸಲಾಕೆ ಹೇಳಿದ. ಹೊಸ್ತಿಲಲ್ಲಿ ಕೂತಿದ್ದ ಹೆಂಗಸನ್ನು ಹೇಳಿದ. ಸಲಾಕೆಯನ್ನು ತೊಳೆದವನು ತಾನೇ ಎಂದೂ ಹೇಳಿದ.

“ಹಾಗಾದರೆ ವಿಶಾಖಪಟ್ಟಣದ ಕೋರ್ಟಿಗೆ ಸುಳ್ಳು ಹೇಳಿದೆಯಾ?” ಎಂದರು ನ್ಯಾಯಾಧೀಶರು. “ಅದಕ್ಕೆ ಜೈಲಾಗುತ್ತದೆ, ಗೊತ್ತಿದೆಯೇ?”

“ಸುಳ್ಳು ಹೇಳಿದ್ದು ಹೌದು ಸ್ವಾಮಿ. ಜೈಲು ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಇದನ್ನೇ ಹೇಳ್ತೀನಿ.”

ಗಿರಿಜಾ ಈಗ ತಿರುಗಿ ನೋಡಿದಳು. ಆವತ್ತು ಮುರಿದ ಕೈ ಹಿಡಿದು ಕೂತಾಗ ಅಳದವಳು, ಈಗ ತುಂಬಿದ ಕೋರ್ಟಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಳು.

ರಮಾಕಾಂತನ ಮೇಲಿನ ಆರೋಪ ಸಾಬೀತಾಯಿತು. ಸಾಬೀತಾಗಿ ಏನು ಬಂತು? ಶಿಕ್ಷೆ ಓದುವ ದಿನ ದಕ್ಷಿಣಾಮೂರ್ತಿ ಎದ್ದು ನಿಂತರು. ವಿದ್ಯಾವಂತ, ಜವಾಬ್ದಾರಿ ಕೆಲಸದಲ್ಲಿರುವವನು, ಮೊದಲ ತಪ್ಪು, ವಯಸ್ಸಾದ ತಾಯಿಯಿದ್ದಾಳೆ ಎಂದರು. ಕೋರ್ಟು ಕರಗಿತು. ಒಳ್ಳೆಯ ನಡತೆಯಿಂದ ಇರುತ್ತೇನೆಂದು ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಕಳಿಸಿತು. ಬ್ಯಾಂಕೂ ಅಮಾನತು ಮಾಡಿ, ಆಮೇಲೆ ಒಳಗೆ ತೆಗೆದುಕೊಂಡಿತು.

ದೊಡ್ಡಯ್ಯನ ಮೇಲೆ ವಿಶಾಖಪಟ್ಟಣದಲ್ಲಿ ಕೇಸು ಬಿತ್ತು. ಅಪರಾಧಿಯನ್ನು ಮುಚ್ಚಿಟ್ಟದ್ದು, ನ್ಯಾಯಾಲಯವನ್ನು ವಂಚಿಸಿದ್ದು. ಗಿರಿಜಾ ಅವನ ಪರವಾಗಿ ಸಾಕ್ಷಿ ಹೇಳಲು ಬಂದಳು. ಅಷ್ಟರಲ್ಲಿ ಅವಳು ಊರು, ಹಾಸ್ಟೆಲ್ಲು ಎಲ್ಲ ಬದಲಾಯಿಸಿ, ಗಂಡನಿಗೆ ಸುಳಿವು ಸಿಗದಂತೆ ಬದುಕುತ್ತಿದ್ದಳು. ಬಂದರೆ ಸಿಕ್ಕಿಬೀಳುತ್ತೇನೆಂದು ಗೊತ್ತಿದ್ದೂ ಬಂದಳು. ಬಲವಂತದಿಂದ ಒಪ್ಪಿಕೊಂಡ ಬಡವ ಎಂದು ಗೋಗರೆದಳು. ತೀರ್ಪಿನ ದಿನವೂ ಬಂದಳು. ತೀರ್ಪು ಮೂರು ತಿಂಗಳ ಜೈಲು. ಮುಚ್ಚಳಿಕೆಯ ಮಾತು ಅಲ್ಲಿ ಯಾರಿಗೂ ನೆನಪಾಗಲಿಲ್ಲ. ದೊಡ್ಡಯ್ಯನಿಗೆ ಇದು ಮೊದಲ ತಪ್ಪಲ್ಲವಂತೆ, ಹಿಂದೆ ನಾಯಿ ಕೊಂದವನಂತೆ. ಕೊಂದಿಲ್ಲವೆಂದು ಒಂದು ಕೋರ್ಟು ನಂಬಿದರೂ, ಕೊಂದನೆಂಬ ಇನ್ನೊಂದು ಕೋರ್ಟಿನ ಕಾಗದ ಹಾಗೇ ಇತ್ತು.

ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ಕೈಮುಗಿದು ಕಾಲಿಗೆ ಬೀಳು, ಕಡಿಮೆ ಮಾಡುತ್ತಾರೆ ಎಂದು ಅವನಿಗೆಂದು ಸರ್ಕಾರ ಕೊಟ್ಟಿದ್ದ ವಕೀಲ ಪಿಸುಗುಟ್ಟಿದ. ದೊಡ್ಡಯ್ಯ ಕೈಮುಗಿಯಲಿಲ್ಲ.

“ಸುಳ್ಳು ಹೇಳಿದ್ದಕ್ಕೆ ಜೈಲು ಕೊಡಿ, ಹೋಗ್ತೀನಿ. ನಾಯಿ ಕೊಂದೋನು ಅನ್ನೋದನ್ನ ಮಾತ್ರ ಹೊಡೆದುಹಾಕಿ.”

ಅದಕ್ಕೆ ಬೇರೆ ಅರ್ಜಿ ಹಾಕಬೇಕು ಎಂದರು.

ಪೊಲೀಸಿನವನು ಅವನ ಕೈ ಹಿಡಿದು ಹೊರಗೆ ಕರೆತಂದ. ಮೆಟ್ಟಿಲ ಮೇಲೆ ಗಿರಿಜಾ ನಿಂತುಬಿಟ್ಟಿದ್ದಳು. ಇಳಿಯುತ್ತಿಲ್ಲ. ಮೆಟ್ಟಿಲ ಕೆಳಗೆ, ಗೇಟಿಗೆ ಹೋಗುವ ದಾರಿಯಲ್ಲಿ ರಮಾಕಾಂತ ನಿಂತಿದ್ದ. ಅವನಿಗೆ ಸಮನ್ಸ್ ಇರಲಿಲ್ಲ, ಕೆಲಸವಿರಲಿಲ್ಲ. ಆದರೂ ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬೈಕಿನ ಕೀಲಿ. ಗಿರಿಜಾಳನ್ನು ನೋಡುತ್ತ ಕೀಲಿಯನ್ನು ಬೆರಳಿಗೆ ಸುತ್ತುತ್ತಿದ್ದ. ಅವಸರವೇ ಇರಲಿಲ್ಲ ಅವನಿಗೆ.

“ಬಾ ಗಿರಿಜಾ, ಮನೆಗೆ ಹೋಗೋಣ” ಎಂದ. ಮೆಲ್ಲಗೆ, ಪ್ರೀತಿಯಿಂದ ಎನ್ನುವ ಹಾಗೆ.

ಪೊಲೀಸಿನವನು ನೋಡಿದ. ವಕೀಲರು ನೋಡಿದರು. ಗಂಡ ಹೆಂಡತಿಯನ್ನು ಕರೆಯುತ್ತಿದ್ದಾನೆ, ಅದರಲ್ಲೇನಿದೆ? ಸೂರ್ಯಕಾಂತಮ್ಮ ಮಾತ್ರ ಮೆಟ್ಟಿಲು ಹತ್ತಿದಳು. ಈ ಹೆಂಗಸಿನ ದೆಸೆಯಿಂದ ನನ್ನ ಮನೆ ಹಾಳಾಯಿತು ಎಂದು ನಿನ್ನೆಯವರೆಗೂ ಶಾಪ ಹಾಕಿದವಳು ಅವಳು. ಗಿರಿಜಾಳ ಸೊಟ್ಟ ಕೈಯನ್ನು ಹಿಡಿದುಕೊಂಡು “ರಾ ಅಮ್ಮಾ” ಎಂದು ತೆಲುಗಿನಲ್ಲಿ ಕರೆದಳು. ಇಬ್ಬರೂ ಇಳಿದರು. ರಮಾಕಾಂತ ದಾರಿ ಬಿಡಲಿಲ್ಲ.

“ರಮಾಕಾಂತಾ!”

ಕೂಗಿದವನು ದೊಡ್ಡಯ್ಯ. ಸಾರ್ ಇಲ್ಲ, ಸ್ವಾಮಿ ಇಲ್ಲ. ಊರಿನ ಗೌಡರ ಆಳು ಹಟ್ಟಿಗೆ ಕೇಳುವಂತೆ ಕೂಗುತ್ತಿದ್ದನಲ್ಲ, ಅಷ್ಟು ಗಟ್ಟಿಯಾಗಿ, ಅದೇ ಚಳ್ಳಕೆರೆಯ ಕನ್ನಡದಲ್ಲಿ. ಆ ಅಂಗಳದಲ್ಲಿ ಆ ಮಾತು ತಿಳಿಯುವವರು ಇನ್ನಿಬ್ಬರೇ ಇದ್ದರು.

“ದಾರಿ ಬಿಡು. ಮೂರು ತಿಂಗ್ಳಿಗೆ ನಾನು ಹೊರಗೆ ಬತ್ತೀನಿ. ಆಯಮ್ಮನ ಮೈಮ್ಯಾಲೆ ಒಂದು ಗೀರು ಕಂಡ್ರೂ ನಿನ್ನ ಬಾಗ್ಲಿಗೇ ಬತ್ತೀನಿ. ಆವತ್ತು ಮಾಡ್ದೇ ಇದ್ದಿದ್ದನ್ನ ಒಪ್ಕಂಡೆ. ಈ ಸಲ ಮಾಡೇ ಒಪ್ಕಂತೀನಿ.”

ಏನಂದ, ಏನಂದ ಎಂದು ಪೊಲೀಸಿನವನು ತೆಲುಗಿನಲ್ಲಿ ಕೇಳಿದ. ಯಾರೂ ಹೇಳಲಿಲ್ಲ. ರಮಾಕಾಂತನ ಬೆರಳಿನಲ್ಲಿ ಕೀಲಿ ನಿಂತಿತ್ತು. ಅವನು ಒಂದು ಹೆಜ್ಜೆ ಹಿಂದೆ ಸರಿದ. ಇಬ್ಬರು ಹೆಂಗಸರು ಅವನ ಪಕ್ಕದಲ್ಲೇ ಹಾದು ಗೇಟು ದಾಟಿದರು.